ಮಿಥ್ಯಾವಾಸ್ತವದಲ್ಲಿ ಏಕಾಂತದ ಮಾತು

ದೂಧಗಂಗೆಯ ತೀರದ ದತ್ತವಾಡವೇ ಮೊದಲಾದ ಗಡಿಗ್ರಾಮಗಳುಳ್ಳ, ಕನ್ನಡ ಮರಾಠಿಗಳೆರಡೂ ಬೆರೆತು ಕೇಳಿಬರುವ ಸೀಮೆಯ ದನದ ಸಂತೆಗಳಲ್ಲಿ, ದಲ್ಲಾಳಿಯೂ ಒಕ್ಕಲಿಗನೂ ವಲ್ಲಿಯ ಮರೆಯಲ್ಲಿ ಒಬ್ಬರ ಬೆರಳನ್ನೊಬ್ಬರು ಹಿಡಿದು ಎತ್ತಿನ ಬೆಲೆಯನ್ನು ಗೊತ್ತುಮಾಡುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ವ್ಯಾಪಾರ ನಡೆದಿರುವುದು ನೆರೆದವರೆಲ್ಲರಿಗೂ ಗೋಚರ; ಬೆಲೆ ಮಾತ್ರ ಆ ಇಬ್ಬರಿಗಷ್ಟೇ ವೇದ್ಯ. ಜನಸಮೂಹದ ಮಧ್ಯದಲ್ಲಿಯೇ ಏಕಾಂತವನ್ನು ನಿರ್ಮಿಸಿಕೊಳ್ಳುವ ಈ ವಿವೇಕವು ಇಂದು ಮಿಥ್ಯಾವಾಸ್ತವದ, ಎಂದರೆ ವರ್ಚುವಲ್ ರಿಯಾಲಿಟಿಯ, ವಿನ್ಯಾಸಕಾರರಿಗೂ ಅತ್ಯವಶ್ಯವಾಗಿದೆ.

ಕಣ್ಣಿಗೆ ಯಂತ್ರಸಾಧನವನ್ನು ಧರಿಸಿ, ದೂರದೂರದವರು ಅವತಾರಗಳೆಂಬ ಕೃತಕ ದೇಹಗಳಲ್ಲಿ ಒಂದೇ ಅಂಗಳವನ್ನು ಸೇರಿ ಸಂಭಾಷಿಸುವ ವಿಆರ್‌ಚಾಟ್, ಹೊರೈಜನ್ ವರ್ಲ್ಡ್ಸ್ ಮುಂತಾದ ಲೋಕಗಳಲ್ಲಿ ದನಿಯ ನಡೆಯೂ ಗಣಕದ ಲೆಕ್ಕಾಚಾರಕ್ಕೆ ಅಧೀನವಾಗಿದೆ. ತೆರೆದ ಬಯಲಿನಲ್ಲಿ ದೂರವು ಇಮ್ಮಡಿಯಾದರೆ ಧ್ವನಿಯ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುವುದು ನಿಸರ್ಗದ ನಿಯಮ. ಕಲ್ಪಿತ ಲೋಕದಲ್ಲಾದರೋ ಮಾತು ಎಷ್ಟು ದೂರ ಕೇಳಬೇಕೆಂಬುದನ್ನು ವಿನ್ಯಾಸಕಾರನೇ ವಿಧಿಸುತ್ತಾನೆ. ದೃಷ್ಟಿಕ್ಷೇತ್ರ ಸಂಕುಚಿತವಾಗಿರುವ ಕಾರಣ, ಬೆನ್ನ ಹಿಂದೆ ಬಂದು ನಿಂತವನ ಸುಳಿವು ಮಾತನಾಡುವವರಿಗೆ ಸಿಕ್ಕದೆ ಹೋಗಬಹುದು. ಹೀಗೆ ಮೈಮೇಲೆ ಬಂದು ಕೊಡುವ ಕಿರುಕುಳವನ್ನು ತಡೆಯಲೆಂದು, ಹೊರೈಜನ್ ವರ್ಲ್ಡ್ಸ್ ನಡೆಸುವ ಮೆಟಾ ಸಂಸ್ಥೆಯು 2022ರ ಫೆಬ್ರವರಿಯಲ್ಲಿ ಅವತಾರಗಳ ನಡುವೆ ಸುಮಾರು 4 ಅಡಿಗಳ ಅಂತರವಿರುವಂತೆ ಮಾಡಿತು. ಅದೇ ವರ್ಷ, ಅಪರಿಚಿತರ ಮಾತು ಅರ್ಥವಿಲ್ಲದ ಮೃದುಧ್ವನಿಯಾಗಿ ಮಾತ್ರ ಕೇಳಿಸುವ ಸೌಲಭ್ಯವನ್ನೂ ಒದಗಿಸಿತು. ಮಾತು ನಡೆದಿರುವುದು ತಿಳಿಯುತ್ತದೆ, ಮಾತಿನ ಅರ್ಥ ತಿಳಿಯದು. ಇದು ಶ್ಲಾಘ್ಯವಾದ ಕ್ರಮವೇ ಸರಿ.

ಆದರೆ ನೆರೆಯವನ ಕಿವಿಯನ್ನು ತಡೆದ ಮಾತ್ರಕ್ಕೆ ಏಕಾಂತವು ಸಿದ್ಧಿಸುವುದಿಲ್ಲ. ಸಂತೆಯ ಬಯಲು ಬೆರಳುಗಳನ್ನು ಓದಲಾರದು; ಮಿಥ್ಯಾವಾಸ್ತವದ ಬಯಲು ಓದಬಲ್ಲುದು. ತಲೆ ಕೈಗಳ ಚಲನೆಯನ್ನು ಕ್ಷಣಕ್ಷಣಕ್ಕೂ ಅಳೆಯದೆ ಅವತಾರವು ಅಲುಗಾಡದು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೀಟ್ ಸೇಬರ್ ಎಂಬ ಆಟದ 50 ಸಾವಿರಕ್ಕೂ ಅಧಿಕ ಆಟಗಾರರ ಪೈಕಿ ಒಬ್ಬನನ್ನು ಕೇವಲ 100 ಸೆಕೆಂಡುಗಳ ಅಂಗಚಲನೆಯಿಂದಲೇ ಶೇಕಡ 94ರಷ್ಟು ಖಚಿತವಾಗಿ ಗುರುತಿಸಲು ಸಾಧ್ಯವಾಯಿತು. ಹೆಸರನ್ನೂ ಮುಖವನ್ನೂ ಮರೆಸಿದರೂ ನಡೆಯು ಆಳನ್ನು ಹೇಳಿಬಿಡುತ್ತದೆ.

ಆದುದರಿಂದ ಖಾಸಗಿ ಸಂವಾದದ ವಿನ್ಯಾಸಕ್ಕೆ ಮೂರು ಲಕ್ಷಣಗಳು ಅನಿವಾರ್ಯ: ತಮ್ಮ ಮಾತನ್ನು ಯಾರು ಕೇಳಬಲ್ಲರೆಂಬುದು ಮಾತನಾಡುವವರಿಗೆ ಸ್ಪಷ್ಟವಾಗಿ ಕಾಣಬೇಕು, ಮರೆಮಾಡುವ ಅಧಿಕಾರ ಅವರ ಕೈಯಲ್ಲಿಯೇ ಇರಬೇಕು, ಆ ಲೋಕದ ಒಡೆಯನಾದ ಸಂಸ್ಥೆಗೂ ಮಾತಾಗಲಿ ಚಲನೆಯಾಗಲಿ ಅಗತ್ಯಕ್ಕಿಂತ ಹೆಚ್ಚಾಗಿ ದೊರೆಯಕೂಡದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಸರ್ವಾನುಮತದಿಂದ ಸಾರಿತು. ಮನುಷ್ಯನು ಕಲ್ಪಿತ ದೇಹವನ್ನು ಧರಿಸಿದ ಮಾತ್ರಕ್ಕೆ ಈ ಹಕ್ಕು ಅವನನ್ನು ಬಿಟ್ಟುಹೋಗಲಾಗದು.