ಹೊಲದಡಿ ಗ್ಯಾಸ್ ಕೊಳವೆ: ಆಕ್ಷೇಪಣೆಗೆ ಇರುವುದು 21 ದಿನ

ಗ್ಯಾಸ್ ಕೊಳವೆಗೆ ವಿರೋಧ ಎದ್ದ ಕಡೆಯೆಲ್ಲ ಎರಡು ಮಾತು ಕೇಳುತ್ತವೆ: ‘ನಮಗ ಯಾರೂ ಹೇಳಲೇ ಇಲ್ಲ’, ‘ಹೊಳಿಗೆ ಏನರ ಆದರ ಯಾರು ಹೊಣೆ?’ ಕೊಚ್ಚಿ–ಮಂಗಳೂರು ಮಾರ್ಗದಲ್ಲಿ, ಕೋಳಿಕ್ಕೋಡು ಜಿಲ್ಲೆಯ ಮುಕ್ಕಂನಲ್ಲಿ 2017ರ ನವೆಂಬರಿನಲ್ಲಿ ಪ್ರತಿಭಟನೆ ಘರ್ಷಣೆಗೆ ತಿರುಗಿತು. ಆಮೇಲೆಯೇ ಕೇರಳ ಸರ್ಕಾರ ಪರಿಹಾರ ಹೆಚ್ಚಿಸಿದ್ದು. ಕೊನೆಗೆ ಉಳಿದ ಕಗ್ಗಂಟು ಕಾಸರಗೋಡಿನ ಚಂದ್ರಗಿರಿ ನದಿ. ಅದನ್ನು ದಾಟಿದ ಬಳಿಕ, 2021ರ ಜನವರಿ 5ರಂದು 450 ಕಿ.ಮೀ. ಮಾರ್ಗ ಉದ್ಘಾಟನೆಯಾಯಿತು. ನಮ್ಮ ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿ ದಾಭೋಳ್–ಬೆಂಗಳೂರು ಕೊಳವೆ 2013ರಿಂದಲೇ ಇದೆ. ಕೃಷ್ಣೆ–ಘಟಪ್ರಭೆಗಳ ನಡುವಿನ ಚಿಮ್ಮಡದಂಥ ಊರಿನವರೂ ಈ ವ್ಯವಸ್ಥೆ ಹೇಗೆ ನಡೆಯುತ್ತದೆಂದು ತಿಳಿದಿರುವುದು ಒಳ್ಳೆಯದು.

ಗುಟ್ಟು ಎನಿಸುವುದೇಕೆ?

ಕೊಳವೆ ಹಾಕುವುದಕ್ಕೆ ಅನ್ವಯಿಸುವುದು 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆ ಮಾರ್ಗ ಕಾಯ್ದೆ. ಇದರಡಿ ಜಮೀನು ಕೈಬಿಟ್ಟು ಹೋಗುವುದಿಲ್ಲ. ಉತಾರ ನಿಮ್ಮ ಹೆಸರಲ್ಲೇ ಉಳಿಯುತ್ತದೆ. ಕಂಪನಿಗೆ ಸಿಗುವುದು ಬಳಕೆಯ ಹಕ್ಕು ಮಾತ್ರ. 2013ರ ಭೂಸ್ವಾಧೀನ ಕಾಯ್ದೆ ಹೇಳುವ ಸಾಮಾಜಿಕ ಪರಿಣಾಮ ಅಧ್ಯಯನ ಇಲ್ಲಿ ಕಡ್ಡಾಯವಲ್ಲ. ಅಭಯಾರಣ್ಯದಂಥ ಸೂಕ್ಷ್ಮ ಪ್ರದೇಶ ಹಾದುಹೋಗದಿದ್ದರೆ, 2006ರ ಅಧಿಸೂಚನೆಯಂತೆ ಪರಿಸರ ಅನುಮತಿಗಾಗಿ ಸಾರ್ವಜನಿಕ ಅಹವಾಲು ಸಭೆಯೂ ಬೇಕಿಲ್ಲ. ಊರಿನಲ್ಲಿ ಸಭೆ ಸೇರಿಸದೆಯೇ ಕಾನೂನು ಪ್ರಕಾರ ಕೆಲಸ ಮುಂದುವರಿಯಬಹುದು!

ರೈತನ ಕೈಲಿರುವ ಅಸ್ತ್ರ ಒಂದೇ. 3(1)ನೇ ಕಲಮಿನ ಅಧಿಸೂಚನೆ ರಾಜಪತ್ರದಲ್ಲಿ ಬಂದ 21 ದಿನದೊಳಗೆ ಸಕ್ಷಮ ಪ್ರಾಧಿಕಾರಿಗೆ ಲಿಖಿತ ಆಕ್ಷೇಪಣೆ ಕೊಡಬೇಕು. ಕೊಟ್ಟವರ ಮಾತನ್ನು ಖುದ್ದಾಗಿ ಅಥವಾ ವಕೀಲರ ಮೂಲಕ ಪ್ರಾಧಿಕಾರಿ ಕೇಳಲೇಬೇಕು.

ವಾಸದ ಮನೆ, ಶಾಶ್ವತ ಕಟ್ಟಡ ಮೊದಲೇ ಇದ್ದ ಜಾಗದಡಿ ಕೊಳವೆ ಹಾಕುವಂತಿಲ್ಲ. ಒಂದು ಮೀಟರಿಗಿಂತ ಕಡಿಮೆ ಆಳದಲ್ಲಿ ಹೂಳುವಂತಿಲ್ಲ. ಬಳಕೆಯ ಹಕ್ಕು ಕಂಪನಿಗೆ ಹೋದ ಜಮೀನಿನ ಪಟ್ಟಿಯಲ್ಲಿ ಕಬ್ಬು, ಜೋಳ ಬೆಳೆಯಲು ಅಡ್ಡಿಯಿಲ್ಲ. ಆದರೆ ಮನೆ ಕಟ್ಟುವುದು, ಬಾವಿ–ಕೆರೆ ತೋಡುವುದು, ಗಿಡ–ಮರ ನೆಡುವುದು ನಿಷಿದ್ಧ. ಪರಿಹಾರ: ಅಧಿಸೂಚನೆ ದಿನದ ಮಾರುಕಟ್ಟೆ ಬೆಲೆಯ ಶೇ 10, ಜೊತೆಗೆ ಬೆಳೆ ಮತ್ತಿತರ ನಷ್ಟ. ಒಪ್ಪಿಗೆಯಾಗದಿದ್ದರೆ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗಬಹುದು.

ಹೊಳೆ ದಾಟುವುದು ಹೇಗೆ?

ದೊಡ್ಡ ನದಿಗಳಲ್ಲಿ ಸಾಮಾನ್ಯವಾಗಿ ಪಾತ್ರವನ್ನು ಅಗೆಯುವುದಿಲ್ಲ. ಒಂದು ದಂಡೆಯಿಂದ ಓರೆಯಾಗಿ ಸಣ್ಣ ರಂಧ್ರ ಕೊರೆದು, ತಳದಡಿಯಿಂದ ಆಚೆ ದಂಡೆಗೆ ತೆಗೆಯುತ್ತಾರೆ. ಅದನ್ನು ಹಂತಹಂತವಾಗಿ ಹಿಗ್ಗಿಸಿ, ಬೆಸುಗೆ ಹಾಕಿ ಪರೀಕ್ಷಿಸಿದ ಕೊಳವೆಯನ್ನು ಎಳೆದು ಕೂರಿಸುತ್ತಾರೆ. ಕೊರೆಯುವಾಗ ಬಳಸುವ ಬೆಂಟೊನೈಟ್ ಮಣ್ಣಿನ ರಾಡಿ ಬಿರುಕುಗಳಿಂದ ನೀರಿಗೆ ನುಗ್ಗುವುದುಂಟು.

ಕೊಳವೆಯಲ್ಲಿರುವುದು ಬಹುಪಾಲು ಮೀಥೇನ್. ಸೋರಿದರೆ ಗುಳ್ಳೆಯಾಗಿ ಮೇಲೇಳುತ್ತದೆ. ನೀರು ವಿಷವಾಗುವುದಕ್ಕಿಂತ ಬೆಂಕಿಯ ಅಪಾಯವೇ ದೊಡ್ಡದು. ಆಂಧ್ರದ ನಗರಂನಲ್ಲಿ 2014ರ ಜೂನ್ 27ರಂದು ಸೋರಿದ ಅನಿಲಕ್ಕೆ ಬೆಂಕಿ ತಗುಲಿ 20ಕ್ಕೂ ಹೆಚ್ಚು ಮಂದಿ ಸತ್ತರು. ನದಿಯಲ್ಲಿನ ಚಿಂತೆಯೇ ಬೇರೆ: 2019ರಂಥ ಮಹಾಪೂರ ತಳವನ್ನು ಕೊರೆಯುತ್ತದೆ, ಮರಳು ಗಣಿಗಾರಿಕೆ ಅದನ್ನು ಇನ್ನಷ್ಟು ಇಳಿಸುತ್ತದೆ. ಹೂತ ಕೊಳವೆ ಬಯಲಿಗೆ ಬೀಳಬಹುದು.

ಕೇಳಬೇಕಾದ ಪ್ರಶ್ನೆಗಳು

* ಯಾವ ಸರ್ವೆ ನಂಬರು, ಎಷ್ಟು ಅಗಲದ ಪಟ್ಟಿ?
* ಪೂರದಲ್ಲಿ ತಳ ಎಷ್ಟು ಕೊರೆಯುತ್ತದೆಂದು ಲೆಕ್ಕ ಹಾಕಿದ್ದಾರೆ? ಕೊಳವೆ ಅದಕ್ಕಿಂತ ಎಷ್ಟು ಕೆಳಗಿದೆ?
* ಅನಿಲ ತಡೆಯುವ ಕವಾಟಗಳು ನದಿಯಿಂದ ಎಷ್ಟು ದೂರ?
* ಕೊಳವೆಯ ಪರೀಕ್ಷೆಗೆ ನೀರು ಎಲ್ಲಿಂದ ತರುತ್ತಾರೆ, ಎಲ್ಲಿ ಬಿಡುತ್ತಾರೆ?
* ತುರ್ತು ಯೋಜನೆಯಲ್ಲಿ ನಮ್ಮೂರು ಇದೆಯೇ?

ಸಾರ್ವಜನಿಕ ಸಂಸ್ಥೆಯ ಯೋಜನೆಯಾದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಉತ್ತರಕ್ಕೆ 30 ದಿನದ ಗಡುವಿದೆ. ಅದು ಆಕ್ಷೇಪಣೆಯ ಗಡುವಿಗಿಂತ ದೀರ್ಘ ಎಂಬುದು ನೆನಪಿರಲಿ. ಆದ್ದರಿಂದ ಮಾಹಿತಿಗಾಗಿ ಕಾಯದೆ ಈ ಪ್ರಶ್ನೆಗಳನ್ನೇ ಆಕ್ಷೇಪಣೆಯಲ್ಲಿ ಬರೆದು ಕೊಡಿ, ನಕಲಿನ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಾಯಿಮಾತಿನ ಭರವಸೆ ಮುಂದೆ ಯಾವ ಕಚೇರಿಯಲ್ಲೂ ನಡೆಯುವುದಿಲ್ಲ.