ಮೊದಲು ರಸ್ತೆ, ಆಮೇಲೆ ಬಡಾವಣೆ



ನಮ್ಮ ಸುತ್ತೂರಿನ ಒಂದು ಕಡೆ ನಂಜನಗೂಡು, ಇನ್ನೊಂದು ಕಡೆ ತಿರುಮಕೂಡಲು ನರಸೀಪುರ. ಈ ಎರಡು ಪಟ್ಟಣಗಳನ್ನೂ ಮೈಸೂರಿಗೆ ಸೇರಿಸುವುದು 766ನೆಯ ರಾಷ್ಟ್ರೀಯ ಹೆದ್ದಾರಿ. ನಂಜನಗೂಡಿನ ಕಡೆಯ ರಸ್ತೆಯಲ್ಲಿ ಮಂಡಕಳ್ಳಿಯ ವಿಮಾನ ನಿಲ್ದಾಣವಿದೆ. ತಾಂಡ್ಯ, ಹಿಮ್ಮಾವುಗಳಲ್ಲಿ ಕಾರ್ಖಾನೆಗಳು ಬಂದಿವೆ. ಮೈಸೂರು ನಮ್ಮ ಕಡೆಗೆ ಬೆಳೆಯುತ್ತಿದೆ, ಹೊಲಗಳು ಸೈಟುಗಳಾಗುತ್ತಿವೆ. ತನ್ನ ಜಮೀನನ್ನು ಒಳ್ಳೆಯ ಬೆಲೆಗೆ ಕೊಡುವ ಹಕ್ಕು ರೈತನಿಗೆ ಉಂಟು. ಆದರೆ ಹೊಲ ಬಡಾವಣೆಯಾಗುವ ಮೊದಲು ಕೇಳತಕ್ಕ ಪ್ರಶ್ನೆ ಒಂದಿದೆ: ಅಲ್ಲಿಗೆ ಹೋಗಿಬರುವ ದಾರಿ ಯಾವುದು?

ತೊಡಕು ಎಲ್ಲಿದೆ?

ಬಡಾವಣೆಯ ನಕ್ಷೆ ನೋಡಿದರೆ ಒಳಗಿನ ರಸ್ತೆಗಳು ಅಗಲವಾಗಿಯೇ ಇರುತ್ತವೆ. ತೊಡಕಿರುವುದು ಹೊರಗೆ. ಹೆದ್ದಾರಿಯಿಂದ ಬಡಾವಣೆಯವರೆಗೆ ಬರುವುದು ನಮ್ಮ ಊರಿನ ಹಳೆಯ ಗಾಡಿದಾರಿ, ಈಚೆಗೆ ಡಾಂಬರು ಕಂಡದ್ದು. ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಲೋಡು ಹೋಗಬೇಕಾದದ್ದು, ದನಕರು ಮೇವಿಗೆ ಹೋಗಬೇಕಾದದ್ದು, ಮಕ್ಕಳು ಶಾಲೆಗೆ ನಡೆಯಬೇಕಾದದ್ದು ಅಂಥ ದಾರಿಯಲ್ಲಿಯೇ. ಅದರ ಮೇಲೆ ಜಲ್ಲಿ ಲಾರಿ, ನೀರಿನ ಟ್ಯಾಂಕರು, ಕಾರು ಎಲ್ಲವೂ ಬಂದರೆ ಎತ್ತಿನ ಗಾಡಿಗೆ ಜಾಗವೆಲ್ಲಿ? ಕೊನೆಗೆ ರಸ್ತೆ ಅಗಲ ಮಾಡಲೇಬೇಕಾಗುತ್ತದೆ. ಆಗ ನೆಲ ಹೋಗುವುದು ಸೈಟು ಮಾರಿ ಹೋದವರದ್ದಲ್ಲ, ದಾರಿಯ ಬದಿಯಲ್ಲಿ ಇನ್ನೂ ಉಳುತ್ತಿರುವ ರೈತನದ್ದು.

ರಸ್ತೆಗೂ ಅಳತೆ ಉಂಟು

ಕೊಳಗಕ್ಕೆ ಹಿಡಿಸುವಷ್ಟೇ ರಾಗಿ ಹಿಡಿಸುತ್ತದೆ. ರಸ್ತೆಯೂ ಹಾಗೆಯೇ. ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಎಂಜಿನಿಯರುಗಳ ಸಂಸ್ಥೆ 1990ರಲ್ಲಿ ಹಳ್ಳಿಗಾಡಿನ ರಸ್ತೆಗಳಿಗೆ ಈ ಲೆಕ್ಕ ಕೊಟ್ಟಿದೆ. ಒಂದು ಕಾರನ್ನು 1 ಎಂದು ಹಿಡಿದರೆ, ಮೋಟಾರು ಸೈಕಲ್ಲು ಅರ್ಧ, ಬಸ್ಸು ಅಥವಾ ಲಾರಿ 3, ಟ್ರೇಲರು ಕಟ್ಟಿದ ಟ್ರ್ಯಾಕ್ಟರು ನಾಲ್ಕೂವರೆ, ದೊಡ್ಡ ಎತ್ತಿನ ಗಾಡಿ 8. ಗಾಡಿ ನಿಧಾನವಾಗಿ ಹೋಗುವುದರಿಂದ ಹಿಂದಿನವರನ್ನೆಲ್ಲ ತಡೆಯುತ್ತದೆ, ಆದುದರಿಂದ ಅದಕ್ಕೆ ಹೆಚ್ಚು ಲೆಕ್ಕ. ಬಯಲು ಸೀಮೆಯಲ್ಲಿ 12 ಅಡಿ ಅಗಲದ ಒಂಟಿ ರಸ್ತೆ ದಿನಕ್ಕೆ 2,000 ಲೆಕ್ಕ ಹೊರುತ್ತದೆ. 18 ಅಡಿಯದು 6,000. 23 ಅಡಿಯ ಜೋಡಿ ರಸ್ತೆ 15,000.

ಒಂದು ಉದಾಹರಣೆ ಮಾಡಿ ನೋಡೋಣ. ಊರಿನ ಒಂಟಿ ರಸ್ತೆಯಲ್ಲಿ ದಿನಕ್ಕೆ 40 ಎತ್ತಿನ ಗಾಡಿ, 40 ಟ್ರ್ಯಾಕ್ಟರು-ಟ್ರೇಲರು, 800 ಮೋಟಾರು ಸೈಕಲ್ಲು, 200 ಕಾರು ಮತ್ತು ಆಟೋ, 50 ಬಸ್ಸು-ಲಾರಿ ಹಾಯುತ್ತವೆ ಎನ್ನಿ. ಒಟ್ಟು 1,250 ಲೆಕ್ಕ. ಅಲ್ಲಿಗೆ 200 ಮನೆಗಳ ಬಡಾವಣೆ ಬಂತು. ಮನೆಗೊಂದು ಮೋಟಾರು ಸೈಕಲ್ಲು, 80 ಮನೆಗಳಲ್ಲಿ ಕಾರು. ಒಂದೊಂದೂ ದಿನಕ್ಕೆ ಎರಡು ಸಲ ಹೋಗಿ ಎರಡು ಸಲ ಬಂದರೆ 720 ಆಯಿತು. ಶಾಲೆಯ ಬಸ್ಸು, ಟ್ಯಾಂಕರು, ಸಾಮಾನಿನ ಲಾರಿ 40 ಸಲ ಹಾಯ್ದರೆ 120. ಹಳೆಯದೂ ಹೊಸದೂ ಕೂಡಿ 2,090. ಒಂದೇ ಬಡಾವಣೆಗೆ ರಸ್ತೆ ತುಂಬಿ ಚೆಲ್ಲಿತು!

ಬೇರೆ ಕಡೆ ಆದದ್ದೇನು?

ಬೆಂಗಳೂರಿನ ಪೂರ್ವಕ್ಕೆ ವೈಟ್‌ಫೀಲ್ಡಿನಲ್ಲಿ 1990ರ ದಶಕದಲ್ಲಿ ಐಟಿ ಪಾರ್ಕು ಎದ್ದಿತು. ಸುತ್ತಣ ಹಳ್ಳಿಗಳಲ್ಲಿ ಕಟ್ಟಡಗಳು ಬೆಳೆದವು, ರಸ್ತೆಗಳು ಬೆಳೆಯಲಿಲ್ಲ. 2007ರಲ್ಲಿ 110 ಹಳ್ಳಿಗಳು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದವು. ವೈಟ್‌ಫೀಲ್ಡಿಗೆ ಮೆಟ್ರೋ ರೈಲು ಬಂದದ್ದು 2023ರ ಮಾರ್ಚಿನಲ್ಲಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು. ಅದೇ ವರ್ಷದ ಜನವರಿಯಲ್ಲಿ ಸುಪ್ರೀಂ ಕೋರ್ಟು ಚಂಡೀಗಢದ ಒಂದು ಮೊಕದ್ದಮೆಯ ತೀರ್ಪಿನಲ್ಲಿ ಬೆಂಗಳೂರಿನ ಪಾಡನ್ನೇ ಎತ್ತಿ ಹೇಳಿ, ನಗರ ಬೆಳೆಯಲು ಅನುಮತಿ ಕೊಡುವ ಮೊದಲು ಪರಿಸರದ ಮೇಲೆ ಆಗುವ ಪರಿಣಾಮವನ್ನು ಪರೀಕ್ಷಿಸುವ ಏರ್ಪಾಡು ಬೇಕೆಂದಿತು.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1990ರಿಂದ ಒಂದು ಕಾಯಿದೆ ಇದೆ. ಹೊಸ ಬಡಾವಣೆಯಿಂದ ರಸ್ತೆ ಗೊತ್ತುಮಾಡಿದ ಮಟ್ಟಕ್ಕಿಂತ ಕೆಡುವುದಾದರೆ ಅನುಮತಿ ಕೊಡಕೂಡದು. ಜೊತೆಯಲ್ಲೇ ರಸ್ತೆ ಸರಿಮಾಡಬೇಕು, ಇಲ್ಲವೇ 6 ವರ್ಷಗಳೊಳಗೆ ಸರಿಮಾಡಲು ಹಣದ ಏರ್ಪಾಡು ತೋರಿಸಬೇಕು.

ಇಷ್ಟು ದೂರ ಹೋಗುವುದೇಕೆ? ಪುಷ್ಯ ಮಾಸದಲ್ಲಿ ನಮ್ಮ ಸುತ್ತೂರಿನ ಜಾತ್ರೆಗೆ ಲಕ್ಷಾಂತರ ಜನ ಬರುತ್ತಾರೆ. ಗಾಡಿ ನಿಲ್ಲಿಸುವುದೆಲ್ಲಿ, ಹೋಗುವುದು ಯಾವ ದಾರಿ ಎಂಬುದನ್ನು ಜನ ಬರುವ ಮೊದಲೇ ಯೋಚಿಸಬೇಕು. ಆರು ದಿನದ ಜಾತ್ರೆಗೆ ಬೇಕಾದ ಮುಂದಾಲೋಚನೆ, ತಲೆಮಾರುಗಟ್ಟಲೆ ನಿಲ್ಲುವ ಬಡಾವಣೆಗೆ ಬೇಡವೇ?

ಕಾನೂನು ಏನು ಹೇಳುತ್ತದೆ?

1964ರ ಕರ್ನಾಟಕ ಭೂಕಂದಾಯ ಕಾಯಿದೆಯ 95ನೆಯ ಕಲಮಿನಂತೆ, ಜಮೀನನ್ನು ವ್ಯವಸಾಯೇತರ ಕೆಲಸಕ್ಕೆ ತಿರುಗಿಸುವುದು ಸಾರ್ವಜನಿಕ ಹಿತಕ್ಕೆ ಒಗ್ಗದಿದ್ದರೆ ಜಿಲ್ಲಾಧಿಕಾರಿಗಳು ಅನುಮತಿ ನಿರಾಕರಿಸಬಹುದು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಒಪ್ಪಿಗೆ ಬೇಕು. ಅದೇ ಕಾಯಿದೆಯ 14-ಎ ಕಲಮು ಮುಖ್ಯವಾದದ್ದು. ಯೋಜನೆಯಲ್ಲಿ ವ್ಯವಸಾಯಕ್ಕೆಂದು ಗುರುತಿಸಿದ ನೆಲವನ್ನು ಬೇರೆ ಬಳಕೆಗೆ ಬದಲಾಯಿಸಬೇಕಾದರೆ, ಅದು ಸಾರ್ವಜನಿಕ ಹಿತಕ್ಕಾಗಿ ಇರಬೇಕು. ದಿನಪತ್ರಿಕೆಯಲ್ಲಿ ಪ್ರಕಟಿಸಿ ಜನರ ಆಕ್ಷೇಪಣೆ ಕೇಳಬೇಕು. ನಾವು ಮಾತನಾಡತಕ್ಕ ಸಮಯ ಅದು. ಬಳಕೆ ಬದಲಾದ ಮೇಲೆ ಉಳಿದ ಅನುಮತಿಗಳು ಸುಲಭವಾಗುತ್ತವೆ. 20,000 ಚದರ ಮೀಟರು ಮತ್ತು ಅದಕ್ಕೆ ಮೇಲ್ಪಟ್ಟ ಕಟ್ಟಡದ ಯೋಜನೆಗಳಿಗೆ 2006ರ ಅಧಿಸೂಚನೆಯಂತೆ ಪರಿಸರ ಅನುಮತಿಯೂ ಬೇಕು.

ಊರಿನವರು ಮಾಡಬೇಕಾದದ್ದು

1. ಹಳ್ಳಿಯ ಯುವಕರು ಒಂದು ದಿನ ಬೆಳಗಿನಿಂದ ರಾತ್ರಿಯವರೆಗೆ ದಾರಿಯಲ್ಲಿ ಕೂತು, ಮೇಲಿನ ಲೆಕ್ಕದಂತೆ ವಾಹನ ಎಣಿಸಿ ಬರೆದಿಡಿ. ಕಬ್ಬು ಕಡಿಯುವ ಕಾಲದಲ್ಲಿ ಇನ್ನೊಮ್ಮೆ ಎಣಿಸಿ.

2. ರಸ್ತೆಯ ಅಗಲವನ್ನು ಟೇಪು ಹಿಡಿದು ಹೆದ್ದಾರಿ ಮುಟ್ಟುವ ತನಕ ಅಳೆಯಿರಿ. ನಕ್ಷೆಯ ಅಗಲ ನೆಲದ ಮೇಲೆ ಇದೆಯೇ ನೋಡಿ. ಎಲ್ಲಿ ತೀರ ಇಕ್ಕಟ್ಟೋ ಅದೇ ರಸ್ತೆಯ ನಿಜವಾದ ಅಗಲ.

3. ಹೊಳೆ ತುಂಬಿದರೆ ದಾರಿ ಮುಳುಗುತ್ತದೆಯೇ ಎಂದು ಕೇಳಿ. 2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯೇ ಮುಚ್ಚಿತ್ತು.

4. ಮೈಸೂರು-ನಂಜನಗೂಡು ಸ್ಥಳೀಯ ಯೋಜನಾ ಪ್ರದೇಶದೊಳಗೆ ನಿಮ್ಮ ಸರ್ವೆ ನಂಬರು ಬರುತ್ತದೆಯೇ ವಿಚಾರಿಸಿ. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಕೊಟ್ಟರೆ 30 ದಿನಗಳೊಳಗೆ ಉತ್ತರ ಕೊಡತಕ್ಕದ್ದು.

5. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ, ಲೆಕ್ಕದ ಹಾಳೆಯ ಸಮೇತ ಜಿಲ್ಲಾಧಿಕಾರಿಗಳಿಗೂ ಪ್ರಾಧಿಕಾರಕ್ಕೂ ಕಳುಹಿಸಿ. "ಬಡಾವಣೆ ಬೇಡ" ಎಂದು ಬರೆಯಬೇಡಿ. "ಹೆದ್ದಾರಿಯವರೆಗೆ ಇಷ್ಟು ಅಡಿ ರಸ್ತೆ, ಗಾಡಿ ಮತ್ತು ದನಗಳಿಗೆ ಅಂಚಿನ ದಾರಿ, ಶಾಲೆಯ ಹತ್ತಿರ ವೇಗತಡೆ ಆದ ಮೇಲೆ ಅನುಮತಿ ಕೊಡಿ, ಖರ್ಚು ಬಡಾವಣೆ ಮಾಡುವವರು ಹೊರಲಿ" ಎಂದು ಬರೆಯಿರಿ.

ಜಮೀನು ಮಾರುವ ರೈತನಿಗೂ ಇದರಿಂದ ನಷ್ಟವಿಲ್ಲ. ರಸ್ತೆ ಇದ್ದ ನೆಲಕ್ಕೆ ಬೆಲೆ ಹೆಚ್ಚು. ಮಾರದೆ ಉಳುವ ರೈತನಿಗಂತೂ ಆ ರಸ್ತೆಯೇ ಕಣದಿಂದ ಮಾರುಕಟ್ಟೆಗೆ ಇರುವ ದಾರಿ. ಮುಂದಿನ ಗ್ರಾಮಸಭೆಗೆ ಹೋಗುವಾಗ ಟೇಪಿನ ಅಳತೆಯನ್ನೂ ಎಣಿಕೆಯ ಹಾಳೆಯನ್ನೂ ಮರೆಯದೆ ತೆಗೆದುಕೊಂಡು ಹೋಗಿರಿ.