ಎದೆ ಡವಡವ ಅಂದಾಗ

ರಾತ್ರಿ 11.30. ದೀಪ ಆರಿಸಿ ಎಡಮಗ್ಗುಲಿಗೆ ಹೊರಳಿದ್ದೀರಿ. ದಿಂಬಿನೊಳಗಿಂದಲೇ ಡವಡವ ಕೇಳಿಸುತ್ತೆ. ಕೈ ತಾನಾಗಿಯೇ ನಾಡಿ ಹುಡುಕುತ್ತೆ. ಎಣಿಸಿದಷ್ಟೂ ಬಡಿತ ಜಾಸ್ತಿ.

ಆತಂಕ ಆದಾಗ ಅಡ್ರಿನಲಿನ್ ರಕ್ತಕ್ಕೆ ಇಳಿಯುತ್ತೆ. ಹಾವು ಕಂಡರೂ ಅದೇ, ಸಾಲದ ಕಂತು ನೆನಪಾದರೂ ಅದೇ. ಬಡಿತ ಏರುತ್ತೆ. ಆ ಬಡಿತಕ್ಕೇ ನೀವು ಹೆದರ್ತೀರಿ, ಮತ್ತಷ್ಟು ಅಡ್ರಿನಲಿನ್. ಈ ಸುಳಿಯೇ ನಿಜವಾದ ತೊಂದರೆ.

ಮೊದಲು ಡಾಕ್ಟರ್ ಹತ್ರ ಹೋಗಿ. ಇಸಿಜಿ, ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಿ; ರಕ್ತಹೀನತೆಯಿಂದಲೂ ಹೀಗಾಗುತ್ತೆ. ಎಲ್ಲ ಸರಿ ಇದೆ ಅಂದರೆ ನಂಬಿ. ವಾರವಾರ ಇಸಿಜಿ ಮಾಡಿಸೋದು ಭಯಕ್ಕೆ ಮೇವು ಹಾಕಿದ ಹಾಗೆ.

ಡವಡವ ಶುರುವಾದಾಗ ನಾಡಿ ಹಿಡಿಯಬೇಡಿ. 4 ಎಣಿಸುವಷ್ಟು ಹೊತ್ತು ಉಸಿರು ಒಳಗೆ, 6 ಎಣಿಸುವಷ್ಟು ಹೊತ್ತು ಹೊರಗೆ. ಉಸಿರು ಬಿಡುವಾಗ ಹೃದಯ ಸಹಜವಾಗಿಯೇ ನಿಧಾನ ಆಗುತ್ತೆ. ಐದು ನಿಮಿಷ ಹೀಗೇ ಮಾಡಿ. ಕಾಫಿಯಿಂದಲೂ ಬಡಿತ ಏರಬಹುದು. ಸಂಜೆ ಕಾಫಿ ಬಿಡೋದು ಕಷ್ಟ, ಗೊತ್ತು. ಆದರೂ ಕೆಲವು ದಿನ ಬಿಟ್ಟು ನೋಡಿ.

ಡವಡವದ ಜೊತೆಗೆ ಎದೆನೋವು, ಏದುಸಿರು, ಕಣ್ಣು ಕತ್ತಲೆ ಬಂದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಆತಂಕ ವಾರಗಟ್ಟಲೆ ಬಿಡದಿದ್ದರೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ: 14416. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರ್ ಈಗಲೇ ಫೋನ್‌ನಲ್ಲಿ ಉಳಿಸಿಕೊಳ್ಳಿ.